ಲೋಚ್ ಮೀನು ಮತ್ತು ಸಾಸಿವೆ ಡಬ್ಬಿ

ಅಕ್ವೇರಿಯಂಗೆ ಮೊಣಕೈವರೆಗೆ ಕೈ ಇಳಿಸಿ ಕಲ್ಲುಗಳನ್ನು ಜರುಗಿಸುತ್ತಿದ್ದೆ. ಹೊಸ ಮೀನುಗಳ ಚೀಲ ಪಕ್ಕದಲ್ಲೇ ಇತ್ತು. ಅತ್ತೆ ಬಂದು ನಿಂತರು.

"ಅಯ್ಯೋ, ಅದರ ಮನೆ ಯಾಕೆ ಕೆಡಿಸ್ತಿದ್ದೀಯೇ?"

ತಳದಲ್ಲಿ ಮೂಲೆ ಹಿಡಿದು ಕೂರುವ ನಮ್ಮ ಲೋಚ್ ಮೀನು, ಹಿಂದೆ ತಂದಿದ್ದ ಗಪ್ಪಿ ಮೀನುಗಳ ಉದ್ದ ಬಾಲಗಳನ್ನೆಲ್ಲ ಕಚ್ಚಿ ಹರಿದಿತ್ತು. ಈ ಸಲವೂ ಹಾಗಾದರೆ ಅದನ್ನೇ ಹೂಡಿಯ ಮೀನಿನಂಗಡಿಗೆ ವಾಪಸ್ ಕೊಡಬೇಕಿತ್ತು. ಗಾರ್ಮೆಂಟ್ಸ್ ಕೆಲಸ ಮಾಡಿಕೊಂಡೇ ನಮ್ಮ ಮನೆತನಕ್ಕೆ ಮೊದಲ ಡಿಗ್ರಿ ತಂದವಳು ನಾನು. ಓದಿ ತಿಳಿಯದೆ ಏನೂ ಮಾಡುವುದಿಲ್ಲ. ಓದಿಯೇ ಈ ಬಾರಿ ಗಿಡ್ಡ ಬಾಲದ, ಮೇಲ್ನೀರಲ್ಲಿ ಚುರುಕಾಗಿ ಈಜುವ ಬಾರ್ಬ್ ಮೀನುಗಳನ್ನು ಆರಿಸಿದ್ದೆ.

"ಹೊಸಬ್ರು ಬರೋ ಮುಂಚೆ ಎಲ್ಲಾ ಕದಲಿಸ್ಬೇಕು ಅತ್ತೆ. ಆಗ ಯಾವ ಮೂಲೇನೂ ತನ್ನದು ಅನ್ಸಲ್ಲ ಅದಕ್ಕೆ."

ಅತ್ತೆ ನಕ್ಕುಬಿಟ್ಟರು. "ನೀನು ಮದ್ವೆಯಾಗಿ ಬರೋ ಹಿಂದಿನ ದಿನ ನಾನೂ ಅಡುಗೆಮನೆ ಡಬ್ಬಿಗಳ್ನೆಲ್ಲ ಅದಲುಬದಲು ಮಾಡಿದ್ದೆ ಕಣೇ. ಇಬ್ರೂ ಹುಡುಕೋಣ ಅಂತ."

ತಿಂಗಳಾದರೂ ಬಾರ್ಬ್‌ಗಳ ಬಾಲಗಳು ನೆಟ್ಟಗಿವೆ, ಲೋಚ್ ನಮ್ಮಲ್ಲೇ ಉಳಿದಿದೆ. ಮದುವೆಯಾದ ಹೊಸದರಲ್ಲಿ, ಒಗ್ಗರಣೆಯ ಎಣ್ಣೆ ಕಾಯುತ್ತಿರುವಾಗ ಅತ್ತೆಯೂ ನನ್ನ ಜೊತೆ ಸಾಸಿವೆ ಡಬ್ಬಿಗೆ ತಡಕಾಡುತ್ತಿದ್ದರು. ಪಾಪ, ವಯಸ್ಸಾಯಿತು, ಮರೆವು ಅಂದುಕೊಂಡಿದ್ದೆ.