ಕುಂತಲ್ಲೇ ಕುಂತ ಕೂಸು

ಬೇವೂರಿನ ಮುತ್ತಪ್ಪ ಹತ್ತನೆಯ ವಯಸ್ಸಿನಿಂದ ಕುರಿಗಳ ಹಿಂದೆ ತಿರುಗಿದವನು. ಹಿಂಡಿನಲ್ಲಿ ಯಾವ ಕುರಿ ಕೆಮ್ಮಿತೆಂದು ತಿರುಗಿ ನೋಡದೆಯೇ ಹೇಳಬಲ್ಲ. ಮೊಮ್ಮಗಳು ಮಲ್ಲಮ್ಮ ಎಂಟು ತಿಂಗಳವಳಿದ್ದಾಗ, ಅವಳ ಎದೆಯಿಂದ ಸಣ್ಣಗೆ ಸಿಳ್ಳೆ ಬರುವುದನ್ನು ಮನೆಯಲ್ಲಿ ಮೊದಲು ಕೇಳಿಸಿಕೊಂಡವನೂ ಅವನೇ. ತೀರಿಹೋದ ಹೆಂಡತಿಯ ಹೆಸರಿಟ್ಟ ಕೂಸು. ಅವನ ಕಂಬಳಿಯೊಳಗಲ್ಲದೆ ಬೇರೆಲ್ಲೂ ಮಲಗುತ್ತಿರಲಿಲ್ಲ.

ನೆಗಡಿಯಾದರೆ ಸಾಕು, ಅವಳ ಪಕ್ಕೆಲುಬುಗಳ ನಡುವೆ ಗುಳಿ ಬೀಳುತ್ತಿತ್ತು. ಬಾಗಲಕೋಟೆಯ ದವಾಖಾನೆಗೆ ವರ್ಷಕ್ಕೆ ಏಳೆಂಟು ಸಲ ಬಸ್ಸು ಹತ್ತುವುದಾಯಿತು. ಓಡಿದರೆ ದಮ್ಮು, ಜೋರಾಗಿ ನಕ್ಕರೆ ಕೆಮ್ಮು. ಮೂರು ತುಂಬುವಷ್ಟರಲ್ಲಿ ಮಲ್ಲಮ್ಮ ನಗುವನ್ನೂ ಅರ್ಧಕ್ಕೇ ನುಂಗುವುದನ್ನು ಕಲಿತಿದ್ದಳು.

ಒಂದು ದಿನ ಅವಳನ್ನು ಕರೆತರಲು ಮುತ್ತಪ್ಪ ಹೋದಾಗ ಅಂಗನವಾಡಿಯ ಶಿವಗಂಗಾ ಟೀಚರ್ ಹೊಗಳಿದರು: "ಭಾಳ ಶಾಣ್ಯಾ ಕೂಸು ಐತಿ ನೋಡ್ರಿ. ಉಳಿದಾವೆಲ್ಲಾ ಕುಣದಾಡ್ತಾವ, ಇದು ಮಾತ್ರ ಕುಂತಲ್ಲೇ ಕುಂತಿರತೈತಿ. ಒಂಚೂರೂ ಕಾಡಂಗಿಲ್ಲ."

ಅಂಗಳದಲ್ಲಿ ಮಕ್ಕಳು ರೈಲಾಟ ಆಡುತ್ತಿದ್ದವು. ಮಲ್ಲಮ್ಮ ಕಟ್ಟೆಯ ಮೇಲೆ ಕೂತು ಅವುಗಳನ್ನೇ ನೋಡುತ್ತ, ಕಾಲಿನ ಹೆಬ್ಬೆರಳಷ್ಟನ್ನೇ ಕುಣಿಸುತ್ತಿದ್ದಳು.

ಮರುದಿನ ಮುತ್ತಪ್ಪ ಕೂಸಿನ ತಾಯಿ, ಸೊಸೆ ಸೋಮವ್ವನ ಜತೆ ತಾನೂ ದವಾಖಾನೆಗೆ ಹೋದ. ಡಾಕ್ಟರು ಮಗುವಿನ ಎದೆ ಪರೀಕ್ಷಿಸಿ, ಮನೆಯ ಸಂಗತಿಯನ್ನೆಲ್ಲ ವಿಚಾರಿಸಿದರು.

"ಕೂಸು ಯಾರ ಕೂಡ ಮಲಗತೈತಿ?"

"ನನ್ನ ಕೂಡರಿ," ಎಂದ ಮುತ್ತಪ್ಪ ಹೆಮ್ಮೆಯಿಂದ. "ನನ್ನ ಕಂಬಳ್ಯಾಗ."

"ಕುರಿ ಎಲ್ಲಿರ್ತಾವ?"

"ಮನೀ ಮಗ್ಗಲದಾಗರಿ."

ಡಾಕ್ಟರು ಹೇಳಿದರು: "ಯಜಮಾನ್ರ, ಬಾಯಿಂದ ಎಳಕೊಳ್ಳೋ ಪಂಪಿನ ಔಷಧ ದಿನಾ ಕೊಡ್ರಿ, ಬಿಡಬ್ಯಾಡ್ರಿ. ಒಲಿ ಹೊಗಿ, ಕುರಿ ಕೂದಲಾ, ಕಂಬಳಿ ಧೂಳು ದೂರ ಇಟ್ಟು ನೋಡ್ರಿ. ಅದರಿಂದನ ದಮ್ಮು ಬರತೈತಿ ಅಂತ ನಾ ಖಾತ್ರಿ ಹೇಳಂಗಿಲ್ಲ."

ಬಸ್ಸಿನಲ್ಲಿ ಸೋಮವ್ವ, "ಮಾವಾರ, ಮನಸಿಗೆ ಹಚ್ಕೋಬ್ಯಾಡ್ರಿ," ಎಂದಳು.

"ಮೂರು ವರ್ಷ ಎದಿಗೆ ಅವಚಿಕೊಂಡು ಮಲಗಿಸೀನೆವ್ವಾ..." ಎಂದ ಮುತ್ತಪ್ಪ.

ಅದೇ ವಾರ ಕುರಿದೊಡ್ಡಿಯನ್ನು ಹೊಲಕ್ಕೆ ಸಾಗಿಸಿ ತಾನೂ ಅಲ್ಲೇ ಉಳಿದ. ಊಟಕ್ಕೆ ಬಂದರೆ ಸ್ನಾನ ಮಾಡಿ, ಬೇರೆ ಧೋತರ ಉಟ್ಟು ಹೊರಗೇ ಕೂರುತ್ತಿದ್ದ. ಮಲ್ಲಮ್ಮ ಎಂಟು ದಿನ "ಅಜ್ಜಾ" ಎಂದು ಅತ್ತಳು. ಅತ್ತಷ್ಟೂ ದಮ್ಮು ಹೆಚ್ಚುತ್ತಿತ್ತು. ಬಳಿಕ ಅಳುವುದನ್ನೂ ಬಿಟ್ಟಳು.

ಮಳೆಗಾಲ ಮುಗಿಯುವಷ್ಟರಲ್ಲಿ ದವಾಖಾನೆಯ ಓಡಾಟ ಅರ್ಧಕ್ಕಿಳಿಯಿತು, ಪೂರ್ತಿ ನಿಲ್ಲಲಿಲ್ಲ. ಚಳಿ ಬಿದ್ದ ಮೇಲೆ ಮತ್ತೆ ಮೂರು ದಿನ ಅಡ್ಮಿಟ್ ಮಾಡಬೇಕಾಯಿತು. ಅವಳು ಮನೆಗೆ ಬಂದ ಸುದ್ದಿ ತಿಳಿದೊಡನೆ ಮುತ್ತಪ್ಪ ಸ್ನಾನವನ್ನೂ ಮರೆತು ಹೊಲದಿಂದ ನೇರ ಓಡಿಬಂದ. ಅಂಗಳದಲ್ಲಿ ನಿಂತು ಎರಡೂ ಕೈ ಚಾಚಿದ.

ಮಲ್ಲಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

"ಅಜ್ಜಾ, ಅಲ್ಲೇ ನಿಂದ್ರು. ನೀ ಬಂದ್ರ ನನಗ ದಮ್ಮು ಬರತೈತಿ."

ಸೋಮವ್ವ ಗದರಲು ಹೋದಳು. ಮುತ್ತಪ್ಪ ತಡೆದ. "ಬಿಡವ್ವಾ, ಕೂಸು ಖರೇನ ಹೇಳಾಕತ್ತೈತಿ," ಎಂದು ಅಂಗಳದ ಆಚೆ ತುದಿಯಲ್ಲಿ ಕುಕ್ಕರಿಸಿದ. ಅಲ್ಲಿಂದಲೇ ಹೇಳಿದ: "ಮಲ್ಲವ್ವಾ, ಮುಂಜಾನೆ ಒಂದು ಕುರಿ ಅವಳಿ ಮರಿ ಹಾಕೇತಿ. ಒಂದು ಕರೀದು, ಒಂದು ಬಿಳೀದು."

"ನಾ ದೊಡ್ಡಾಕಿ ಆದ ಮ್ಯಾಲೆ ಮುಟ್ಟಲೇನಜ್ಜಾ?"

"ಮುಟ್ಟೀಯಂತ," ಎಂದ ಮುತ್ತಪ್ಪ. ಆಗಲೇ ಹೊತ್ತು ಇಳಿದಿತ್ತು. ಅವನು ಎದ್ದು, ಅವಳ ಹತ್ತಿರ ಸುಳಿಯದಂತೆ ಗೋಡೆಯ ಬದಿಯಿಂದ ಸುತ್ತಿ ಹೊರಟುಹೋದ.