ಮಾಳಶೇಜ್ ಘಾಟಿಯಲ್ಲಿ ಅಳಿಯನನ್ನು ಕೂಗಿದ್ದು

ಮಾಳಶೇಜ್ ಘಾಟಿಯ ತಿರುವಿನಲ್ಲಿ ಮಂಜು ಎಷ್ಟು ದಟ್ಟವಾಯಿತೆಂದರೆ ಕಾರಿನ ಮುಂದೆ ರಸ್ತೆಯೇ ಕಾಣಲಿಲ್ಲ. ಕಲ್ಯಾಣದಿಂದ ಕಾರು ಓಡಿಸಿಕೊಂಡು ಬಂದ ಅಳಿಯ ಬಲಗಡೆಯ ಬಂಡೆಯನ್ನೇ ನೋಡುತ್ತಾ ನಿಧಾನವಾಗಿ ಹತ್ತಿಸುತ್ತಿದ್ದರು. ಹಿಂದಿನ ಸೀಟಿನ ಎಡ ಕಿಟಕಿಯಲ್ಲಿದ್ದ ನನಗೆ ತಡೆಗೋಡೆ ಮುರಿದು ಬಿದ್ದ ಜಾಗ ಕಂಡಿತು. ಅದರಾಚೆ ಬರೀ ಕಣಿವೆ. ಕಾರು ಅತ್ತಲೇ ಸರಿಯುತ್ತಿತ್ತು.

ನಮ್ಮ ಮನೆತನದಲ್ಲಿ ಅತ್ತೆ ಅಳಿಯನೊಡನೆ ನೇರವಾಗಿ ಮಾತಾಡುವುದಿಲ್ಲ. ಮಗಳ ಮದುವೆಯಾದಂದಿನಿಂದ ನಾನು ಏನಿದ್ದರೂ ಬೇರೆಯವರಿಂದಲೇ ಹೇಳಿಸಿದವಳು. ಅಂದೂ ಪಕ್ಕದಲ್ಲಿದ್ದ ಮೊಮ್ಮಗಳನ್ನು ತಿವಿದೆ. "ಎಡಕ್ಕೆ ಹೋಗ್ಬೇಡಿ ಅಂತ ಅಪ್ಪನಿಗೆ ಹೇಳು!"

ಅವಳು ಕಿವಿಯಿಂದ ಇಯರ್‌ಫೋನ್ ತೆಗೆದು, "ಕ್ಯಾ ಹುವಾ, ಅಜ್ಜಿ?" ಎಂದಳು.

ಇನ್ನು ಹೊತ್ತಿರಲಿಲ್ಲ. "ನಿಲ್ಲಿಸಿ! ಎಡಗಡೆ ರಸ್ತೆ ಇಲ್ಲ!" ಎಂದು ನಾನೇ ಕಿರುಚಿದೆ.

ಬ್ರೇಕ್ ಬಿತ್ತು. ಚಕ್ರ ಅಂಚಿಗೆ ಬಂದು ನಿಂತಿತು. ಅಳಿಯ ಬೆವರು ಒರೆಸಿಕೊಂಡು ಹಿಂದೆ ತಿರುಗಿದರು. "ಅತ್ತೆ, ಇಷ್ಟು ದೊಡ್ಡ ಸ್ವರ ಉಂಟಾ ನಿಮಗೆ?"

ಘಾಟಿ ದಾಟಿದ ಮೇಲೆ ಮಳೆಯೇ ಇಲ್ಲದ ಒಣ ಬಯಲು, ಕಣ್ಣು ಕುಕ್ಕುವ ಬಿಸಿಲು. "ಚಾ ಕುಡಿಯುವಾ?" ಎಂದು ಅವರು ನನ್ನನ್ನೇ ಕೇಳಿದರು. ಈಗ ಅವರ ಫೋನ್ ಬಂದರೆ ಬೇರೆ ಯಾರನ್ನೂ ಕರೆಯದೆ ನಾನೇ ಎತ್ತುತ್ತೇನೆ.