ಬಿಸಿಲಿಗಿಟ್ಟ ಸೆಲ್ಲು ಮತ್ತು ವಿಲಂಬಿತ ಏಕತಾಲ

ಹೋದ ತಿಂಗಳು ಅಟ್ಟದಿಂದ ತಗಡಿನ ಟ್ರಂಕು ಇಳಿಸಿ ಮುಚ್ಚಳ ತೆಗೆದೆ. ಡಾಂಬರು ಗುಳಿಗೆ, ಹಳೆಯ ಪ್ಲಾಸ್ಟಿಕ್ಕು ಮತ್ತು ಇಲಿಯ ಸಂಸಾರ ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ನಿಮ್ಮ ಮನೆಯಲ್ಲೂ ಕ್ಯಾಸೆಟ್ಟುಗಳ ಟ್ರಂಕು ಇದ್ದರೆ ಈ ವಾಸನೆಯ ಪರಿಚಯ ನಿಮಗಿರುತ್ತದೆ. ನಾನು ಹುಡುಕುತ್ತಿದ್ದ ಕ್ಯಾಸೆಟ್ಟು ತಳದಲ್ಲಿತ್ತು. ಅದರ ಮೇಲೆ ನನ್ನದೇ ಅಕ್ಷರದಲ್ಲಿ ‘ಚನ್ನಮಲ್ಲಪ್ಪ ಮಾಸ್ತರರು, ಅಫಜಲಪುರ. ಪೂರಿಯಾ ಧನಾಶ್ರೀ. ಯಾರೂ ಮುಟ್ಟಬಾರದು’ ಎಂದು ಬರೆದಿತ್ತು. ಬೂಷ್ಟು ಮಾತ್ರ ಅದನ್ನು ಓದಿರಲಿಲ್ಲ. ರೀಲಿನ ತುಂಬ ಬಿಳಿಯ ಪುಡಿ. ಬೆರಳಿನಿಂದ ಒಂದು ಸುತ್ತು ತಿರುಗಿಸಿದ್ದೇ ತಡ, ಪಟ್ಟನೆ ತುಂಡಾಯಿತು.

ನಿಜ ಹೇಳಲೇ? ಒಂದು ಗಳಿಗೆ ನನಗೆ ಖುಷಿಯಾಯಿತು. ಸಾಕ್ಷಿ ಹೋಯಿತಲ್ಲ ಎಂದು.

ಅದನ್ನು ಹುಡುಕಲು ಹೇಳಿದವಳು ಸುಮಂಗಲಾ. ಮಾದನಹಿಪ್ಪರಗಾದ ಹೆಣ್ಣುಮಗಳು, ಈಗ ಕಲಬುರಗಿಯ ಕಾಲೇಜಿನಲ್ಲಿ ಸಂಗೀತ ಕಲಿಸುತ್ತಾಳೆ. ಕಡಗಂಚಿಯಲ್ಲಿ ಅವಳ ಗಾಯನದ ಕಛೇರಿ ಇರುವುದಿತ್ತು. ನಮ್ಮ ಕಡೆಯವರು ಇತ್ತೀಚೆಗೆ ಕಟ್ಟಿದ ಚೀಜುಗಳನ್ನಷ್ಟೇ ಹಾಡುವುದು, ಕಟ್ಟಿದವರ ಹೆಸರು ಹೇಳಿಯೇ ಹಾಡುವುದು ಅವಳ ಹಟ. ಚೀಜು ಎಂದರೆ ನಮ್ಮಲ್ಲಿ ಬಂದಿಶು, ರಾಗದಲ್ಲಿ ಕಟ್ಟಿದ ಹಾಡು. ಫೋನಿನಲ್ಲಿ ಬಹಳ ಮರ್ಯಾದೆಯಿಂದಲೇ ಕೇಳಿದಳು.

“ಸರ್, ಮೂಲ ಕ್ಯಾಸೆಟ್ ನಿಮ್ಮ ಹತ್ರ ಅದ ಅಲ್ಲರಿ? ನನಗ ಸಿಕ್ಕಿದ್ದು ಕಾಪಿಯ ಕಾಪಿ. ಅದರಾಗ ಒಂದು ವಿಚಿತ್ರ ಅದರಿ. ಹಾಡೋರ ಸ್ವರ ಏರಿದ್ರ ಏರ್ಲಿ. ತಂಬೂರಿ ಯಾಕ ಏರಾಕತ್ತದ?”

“ನೋಡ್ತೇನವ್ವಾ” ಎಂದು ಫೋನ್ ಇಟ್ಟೆ. ಈ ಪ್ರಶ್ನೆ ಬರುತ್ತದೆಂದು ಇಪ್ಪತ್ತೈದು ವರ್ಷಗಳಿಂದ ಹೆದರಿಕೊಂಡೇ ಇದ್ದೆ.

ಮೊದಲು ನನ್ನ ಪರಿಚಯ ಆಗಲಿ. ಕರೆಂಟ್ ಆಫೀಸಿನಲ್ಲಿ ಗುಮಾಸ್ತನಾಗಿ ಜೇವರ್ಗಿ, ಅಫಜಲಪುರ, ಆಳಂದ ಎಂದು ಮೂರೂರಿನ ನೀರು ಕುಡಿದು, ಕೊನೆಗೆ ಆಳಂದದಲ್ಲೇ ನಿವೃತ್ತನಾಗಿ ನೆಲೆ ನಿಂತವನು. ಊರಿನಲ್ಲಿ ನನಗೆ ‘ಸಂಗೀತದ ಸಾಹೇಬರು’ ಎಂಬ ಹೆಸರಿದೆ. ನನಗೆ ಹಾಡಲು ಬರುವುದಿಲ್ಲ, ಬಾರಿಸಲು ಬರುವುದಿಲ್ಲ. ಹಾಡುವವರ, ಬಾರಿಸುವವರ ಬಗ್ಗೆ ಮಾತಾಡಲು ಬರುತ್ತದೆ. ನಾವು ಆರೇಳು ಜನ ಪ್ರತಿ ರವಿವಾರ ಒಬ್ಬರ ಮನೆಯಲ್ಲಿ ಸೇರಿ ರೆಕಾರ್ಡು ಕೇಳುತ್ತೇವೆ. ಕೇಳುವುದು ಅರ್ಧ ಗಂಟೆ, ಅದನ್ನು ನಾನು ವಿವರಿಸುವುದು ಒಂದೂವರೆ ಗಂಟೆ. ಚುರುಮುರಿಯ ಸುಸಲಾ, ಚಹಾ ಇರುವುದರಿಂದ ಯಾರೂ ಎದ್ದು ಹೋಗುವುದಿಲ್ಲ.

ಈಗಿನ ರಚನಕಾರರ ಬಗ್ಗೆಯೂ ನನಗೆ ಅಭಿಪ್ರಾಯಗಳಿವೆ, ಕೇಳದಿದ್ದರೂ ಹೇಳುತ್ತೇನೆ. ಕೆಲವರು ಎರಡು ರಾಗಗಳಿಗೆ ಲಗ್ನ ಮಾಡಿಸಿ, ಹುಟ್ಟಿದ್ದಕ್ಕೆ ವಾರದೊಳಗೇ ಹೆಸರಿಟ್ಟು, ತೊಟ್ಟಿಲು ತೂಗುವ ವಿಡಿಯೋ ಹಾಕುತ್ತಾರೆ. ಕೆಲವರ ಚೀಜಿನಲ್ಲಿ ರಾಗಕ್ಕಿಂತ ಮೊದಲು ಅವರ ಹೆಸರೇ ಕೇಳಿಸುತ್ತದೆ. ಹಾಗೆಂದು ಎಲ್ಲರನ್ನೂ ತೆಗೆದುಹಾಕುವ ಹಾಗಿಲ್ಲ. ಒಬ್ಬ ಹೆಣ್ಣುಮಗಳ ಹೊಸ ತರಾನಾ ಕೇಳಿ ನಾನು ಬಸ್ಸಿನಲ್ಲಿ ಇಳಿಯುವ ಊರನ್ನೇ ಮರೆತದ್ದುಂಟು. ನನ್ನ ತಕರಾರು ಇರುವುದು ಈಗಿನ ರೆಕಾರ್ಡಿಂಗುಗಳ ಮೇಲೆ. ಬಹಳ ಶುಭ್ರ. ಒಂದು ಕೆಮ್ಮಿಲ್ಲ, ಒಂದು ‘ಆಹಾ’ ಇಲ್ಲ, ತಬಲಾದವನು ಮೂಗೇರಿಸುವ ಸದ್ದೂ ಇಲ್ಲ. ಹಾಡುವವರು ಯಾವ ಊರಲ್ಲಿ ಕುಳಿತು ಹಾಡಿದರು, ಹೊರಗೆ ಮಳೆಯಿತ್ತೋ ಬಿಸಿಲಿತ್ತೋ, ಒಂದೂ ತಿಳಿಯುವುದಿಲ್ಲ. ನಮ್ಮ ಕಾಲದ ರೆಕಾರ್ಡಿಂಗಿನಲ್ಲಿ ಎಲ್ಲವೂ ತಿಳಿಯುತ್ತಿತ್ತು, ಕೆಲವೊಮ್ಮೆ ಹಾಡೊಂದನ್ನು ಬಿಟ್ಟು.

ಚನ್ನಮಲ್ಲಪ್ಪ ಮಾಸ್ತರರು ಅಫಜಲಪುರದ ಶಾಲೆಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಕಲಿಸುತ್ತಿದ್ದರು. ತೆಳ್ಳಗಿನ ಮೈ, ದಪ್ಪ ದನಿ. ನಾನು ಅಲ್ಲಿ ಕೆಲಸಕ್ಕಿದ್ದಾಗ ದಿನಾ ಸಂಜೆ ಅವರ ಕಟ್ಟೆಯ ಮೇಲೆ ಹಾಜರಿ ಹಾಕುತ್ತಿದ್ದೆ. ಒಮ್ಮೆ ಅವರ ಜೊತೆ ದನಿಗೂಡಿಸಲು ಹೋದಾಗ ಪೇಟಿ ನಿಲ್ಲಿಸಿ, “ಸಾಹೇಬ್ರ, ನಿಮ್ಮ ಕಿವಿ ಭಾಳ ಛಲೋ ಅವ. ಅವನ್ನಷ್ಟೇ ತಗೊಂಡು ಬರ್ರಿ” ಎಂದಿದ್ದರು. ಅಂದಿನಿಂದ ನಾನು ಕಿವಿಯಷ್ಟೇ ಆದೆ.

ಅವರು ಕನ್ನಡದಲ್ಲಿ ಖಯಾಲಿನ ಚೀಜು ಕಟ್ಟುತ್ತಿದ್ದರು. ಒಮ್ಮೆ ಊರಿಗೆ ಬಂದ ಹಿರಿಯ ಗವಾಯಿಗಳೊಬ್ಬರು, ಖಯಾಲಿಗೆ ಹಿಂದಿಯೇ ಚಂದ ಎಂದು ಬುದ್ಧಿ ಹೇಳಿದರು. ಮಾಸ್ತರರು ಕೈಮುಗಿದೇ ಕೇಳಿದರು: “ಭೀಮಾ ತಾಯಿ ಪಂಢರಪುರದಾಗ ಮರಾಠಿ ಮಾತಾಡ್ತಾಳ, ಇಲ್ಲಿ ಕನ್ನಡ. ಹಿಂದಿ ಆಕಿ ದಾರ್ಯಾಗ ಎಲ್ಲೂ ಬರಂಗಿಲ್ರಿ. ಎಲ್ಲಿಂದ ತರ್ಲಿ?”

ಅವರು ಕಟ್ಟಿದ್ದರಲ್ಲಿ ನನ್ನ ಜೀವ ಹೋಗಿ ಕೂತದ್ದು ಆ ಪೂರಿಯಾ ಧನಾಶ್ರೀ ರಾಗದ ಚೀಜಿನ ಮೇಲೆ. ‘ಮೆಲ್ಲಕ ಹರಿಯೇ ಭೀಮಾ ತಾಯಿ, ಬರುವವರಿನ್ನೂ ದಂಡೆಯ ಮ್ಯಾಲೆ.’ ಇಷ್ಟೇ ಸಾಹಿತ್ಯ. ದಾಟಬೇಕಾದವರು ಇನ್ನೂ ಬರುತ್ತಿದ್ದಾರೆ, ತುಸು ತಡಿ ಎಂದು ಹೊಳೆಗೆ ಮಾಡುವ ವಿನಂತಿ. ವಿಲಂಬಿತ ಏಕತಾಲ. ಎಷ್ಟು ನಿಧಾನವೆಂದರೆ ತಾಳದ ಒಂದು ಆವರ್ತನ ಮುಗಿಯುವುದರೊಳಗೆ ಚಹಾ ಆರಬಹುದಿತ್ತು. ಕೊನೆಯಲ್ಲಿ ನಿಮ್ಮ ಹೆಸರು ಸೇರಿಸಿರಿ ಎಂದರೆ, “ಚನ್ನಮಲ್ಲಪ್ಪ, ಐದು ಅಕ್ಷರ, ಮೂರು ಒತ್ತು. ಹೊಳ್ಯಾಗ ಕಲ್ಲು ಒಗದಂಗ ಆಗ್ತದ್ರಿ” ಎಂದುಬಿಟ್ಟರು. ಹಾಗಾಗಿ ಅದು ಮುಂದೆ ‘ಸಂಪ್ರದಾಯದ ಚೀಜು’ ಆಗಿ ಓಡಾಡಿತು.

ನನಗೆ ಆಳಂದಕ್ಕೆ ವರ್ಗವಾದಾಗ ಅದನ್ನು ಟೇಪಿನಲ್ಲಿ ಹಿಡಿಯದೆ ಹೋಗುವುದಿಲ್ಲ ಎಂದು ಹಟ ಹಿಡಿದೆ. ಒಂದು ರವಿವಾರ ಸಂಜೆಗೆ ನಿಗದಿಯಾಯಿತು. ಕಬ್ಬಿನ ಸುಗ್ಗಿ. ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಮಾಸ್ತರರ ಮನೆಯ ಮುಂದಿನಿಂದಲೇ ಹಾರ್ನು ಹೊಡೆಯುತ್ತ ಸಾಗುತ್ತಿದ್ದವು. ಅವುಗಳ ನಡುವೆ ಸಂದು ನೋಡಿ ಶುರು ಮಾಡಬೇಕೆನ್ನುವಷ್ಟರಲ್ಲಿ ಕರೆಂಟು ಹೋಯಿತು. ಎಲ್ಲರೂ ನನ್ನ ಮುಖ ನೋಡಿದರು. ಕರೆಂಟ್ ಆಫೀಸಿನವನಾಗಿ ನಾನು ಮಾಡಬಹುದಾಗಿದ್ದು ಇಷ್ಟೇ: ಟೇಪಿಗೆ ಸೆಲ್ಲು ಹಾಕಿದೆ. ಹೊಸವಲ್ಲ. ಮುಗಿದ ಸೆಲ್ಲುಗಳನ್ನು ಮಾಳಿಗೆಯ ಮೇಲೆ, ಒಣಮೆಣಸಿನಕಾಯಿಯ ಪಕ್ಕದಲ್ಲಿ, ನನ್ನ ಹೆಂಡತಿ ನೀಲಮ್ಮ ಎರಡು ದಿನ ಬಿಸಿಲಿಗೆ ಇಟ್ಟಿದ್ದಳು. ನಮ್ಮ ಬಿಸಿಲಿಗೆ ಸೆಲ್ಲಿಗೂ ಜೀವ ಬರುತ್ತದೆಂಬುದು ಆಗ ಈ ಮೂರು ತಾಲೂಕಿನ ನಂಬಿಕೆ. ಜೀವ ಬರುತ್ತಿತ್ತು, ನಿಜ. ಇರುತ್ತಿರಲಿಲ್ಲ.

ಮಾಸ್ತರರು ಆ ಸಂಜೆ ಹಾಡಿದಂತೆ ಮತ್ತೆಂದೂ ಹಾಡಲಿಲ್ಲ. ಟೇಪಿನ ಕೆಂಪು ದೀಪ ಮಂಕಾಗುತ್ತ ಬಂದದ್ದನ್ನು ಕಂಡೆ. ಗಾಲಿ ಮುಗ್ಗರಿಸುತ್ತಿದ್ದುದನ್ನೂ ಕಂಡೆ. ಹಾಡು ನಿಲ್ಲಿಸಲು ಬಾಯಿ ಬರಲಿಲ್ಲ.

ಆಳಂದಕ್ಕೆ ಬಂದು ಕರೆಂಟಿನ ಮೇಲೆ ಕ್ಯಾಸೆಟ್ಟು ಹಾಕಿದಾಗ ನಮ್ಮ ರವಿವಾರದ ಗೆಳೆಯರು ಬೆರಗಾದರು. ಪೇಟಿಯ ಮೊದಲ ಕಪ್ಪು ಮನೆಯಲ್ಲಿ ಶುರುವಾದ ಷಡ್ಜ ಮುಗಿಯುವಷ್ಟರಲ್ಲಿ ಎರಡನೆಯ ಕಪ್ಪು ಮನೆಗೆ ಹೋಗಿ ಕುಳಿತಿತ್ತು. ಲಯವೂ ದೌಡು ಕಿತ್ತಿತ್ತು. ಇದೇನು ಎಂದು ಅವರು ಕೇಳಿದರು. ಗೊತ್ತಿಲ್ಲ ಎನ್ನುವ ಅಭ್ಯಾಸ ನನಗಿರಲಿಲ್ಲ. “ಹೊಳಿ ಏರಾಕತ್ತದ ನೋಡ್ರಿ! ನೀರಿನ ಜೋಡಿ ಸ್ವರಾನೂ ಏರಿಸ್ಯಾರ. ಹಿಂಥಾ ಪ್ರಯೋಗ ಹಿಂದುಸ್ತಾನದಾಗ ಯಾರೂ ಮಾಡಿಲ್ಲ” ಎಂದು ಎದ್ದು ನಿಂತು ಮುಕ್ಕಾಲು ಗಂಟೆ ಭಾಷಣ ಮಾಡಿದೆ. ಚಪ್ಪಾಳೆ ಬಿತ್ತು. ಎಲ್ಲರೂ ಕಾಪಿ ಮಾಡಿಕೊಂಡು ಹೋದರು, ಕಾಪಿಯ ಜೊತೆಗೆ ನನ್ನ ವಿವರಣೆಯನ್ನೂ.

ವಾರದ ನಂತರ ನೀಲಮ್ಮ ರೊಟ್ಟಿ ಬಡಿಯುತ್ತ ಕ್ಯಾಸೆಟ್ಟು ಕೇಳಿಸಿಕೊಂಡು ಒಳಗಿನಿಂದಲೇ ಹೇಳಿದಳು: “ಸುರೂಕ ಟ್ರ್ಯಾಕ್ಟರ್ ಹಾರ್ನು ಹೊಡೀತು. ಕಡೀಕ ಹೊಡದದ್ದು ಸ್ಕೂಟರ್ ಆತಲ್ರಿ. ಆ ರಸ್ತೆದಾಗ ಸಂಜಿಗಿ ಟ್ರ್ಯಾಕ್ಟರ್ ಬಿಟ್ರ ಏನು ಹಾಯ್ತಿತ್ತು? ನಿಮ್ಮ ಸೆಲ್ಲು ಮುಗದಿರಬೇಕು ನೋಡ್ರಿ.”

ಮಂಕಾದ ಆ ಕೆಂಪು ದೀಪ ನೆನಪಾಯಿತು. ಸೆಲ್ಲು ಸೋತು ಟೇಪು ನಿಧಾನವಾಗಿ ಓಡುತ್ತ ಹಾಡನ್ನು ಹಿಡಿದುಕೊಂಡಿತ್ತು. ಈಗ ಕರೆಂಟಿನ ಮೇಲೆ ಸರಿಯಾದ ವೇಗಕ್ಕೆ ಓಡುವಾಗ ಅದೇ ಹಾಡು ದಡದಡ ಓಡುತ್ತಿತ್ತು. ಆಗಲೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಚಪ್ಪಾಳೆ ಬಿದ್ದು ವಾರವಷ್ಟೇ ಆಗಿತ್ತು. ನಾನು ಸುಮ್ಮನಾದೆ, ಅದಕ್ಕೆ ಕಾರಣ ಜಂಭವಲ್ಲದೆ ಬೇರೇನೂ ಅಲ್ಲ. ಇತ್ತ ಜೇವರ್ಗಿಯ ಭಜನೆ ಮಂದಿ ಚೀಜನ್ನು ಎತ್ತಿಕೊಂಡು, ನನ್ನ ಸೆಲ್ಲುಗಳು ಏರಿಸಿದ್ದಕ್ಕಿಂತ ಇನ್ನೂ ಅರ್ಧ ಮನೆ ಏರಿಸಿದರು. ಮೆಲ್ಲಗೆ ಹರಿ ಎಂದು ಹೊಳೆಯ ಬೆನ್ನು ಹತ್ತಿ ಅಟ್ಟಿಸಿಕೊಂಡು ಹೋಗುತ್ತಿದ್ದರು.

ಮೂಲ ರೀಲು ತುಂಡಾಯಿತೆಂದು ಸುಮಂಗಲಾಗೆ ಫೋನಿನಲ್ಲಿ ಹೇಳಿದೆ. ಅವಳು ಕಂಪ್ಯೂಟರಿನಲ್ಲಿ ವೇಗ ತಗ್ಗಿಸಿ ನೋಡಿದ್ದಳಂತೆ. ಒಂದೊಂದು ಕಾಪಿ ಒಂದೊಂದು ಮಷೀನಿನಲ್ಲಿ ಆದದ್ದು. “ಎಲ್ಲಿಂದ ಅಳೀಬೇಕು ಅನ್ನೋದೇ ತಿಳೀವಲ್ದು ಸರ್. ಒಮ್ಮೆ ಕ್ವಾಣ ಹಾಡಿದಂಗ ಕೇಳ್ತದ, ಒಮ್ಮೆ ಮಿಡತಿ. ತಪ್ಪು ಹಾಡಿ ಮಾಸ್ತರ ಹೆಸರು ಹೇಳಾಕ ನನಗ ಮನಸಿಲ್ಲ” ಎಂದಳು. ತುಂಡಾದ ರೀಲನ್ನು ಚೀಲದಲ್ಲಿ ಹಾಕಿಕೊಂಡು ಅವಳ ಜೊತೆ ಅಫಜಲಪುರದ ಬಸ್ಸು ಹತ್ತಿದೆ.

ಮಾಸ್ತರರಿಗೆ ಈಗ ಎಂಬತ್ತು ದಾಟಿದೆ. ಹಗ್ಗದ ಹೊರಸಿನ ಮೇಲೆ ಕುಳಿತಿದ್ದರು. ದನಿ ಸಣ್ಣಗಾಗಿದೆ, ಕಣ್ಣು ಹಾಗೇ ಇವೆ. “ಬರ್ರಿ ಸಾಹೇಬ್ರ, ಕಿವಿ ತಂದೀರಿಲ್ಲ?” ಎಂದರು. ನಾನು ಚಹಾ ಬರುವವರೆಗೂ ತಡೆಯದೆ ಎಲ್ಲವನ್ನೂ ಹೇಳಿಬಿಟ್ಟೆ. ಸೆಲ್ಲು, ಹಾರ್ನು, ಭಾಷಣ, ಸುಮ್ಮನಿದ್ದದ್ದು. ನಗುತ್ತಾರೆಂದುಕೊಂಡಿದ್ದೆ.

ಅವರು ನಗಲಿಲ್ಲ. “ಜೇವರ್ಗಿ ಹುಡುಗರು ಬಂದು ಹಂಗ ಹಾಡಿದ್ರು. ನಾ ಹಿಂಗ ಮಾಡಿಲ್ಲಲ್ಲ ಅನಿಸ್ತು. ‘ಸಾಹೇಬ್ರು ಹೇಳ್ಯಾರ, ಇದು ದೊಡ್ಡ ಪ್ರಯೋಗ’ ಅಂದ್ರು. ನಿಮ್ಮ ಕಿವಿ ಸುಳ್ಳಾಗಂಗಿಲ್ಲ, ನನಗಽ ಮರವು ಬಂತು ಅಂತ ತಿಳಕೊಂಡೆ. ಮುಂದ ನಾನೂ ಹಂಗೇ ಕಲಿಸಿದೆ” ಎಂದರು. ಮತ್ತೆ ಹೇಳಿದರು: “ಆವತ್ತಿಂದ ಹೊಸಾ ಚೀಜು ಕಟ್ಟಲಿಲ್ರಿ. ತಲಿ ಮ್ಯಾಲ ಭರೋಸಾ ಹೋಗಿತ್ತು.”

ಇದು ನನಗೆ ಗೊತ್ತಿರಲಿಲ್ಲ. ಒಂದು ಚೀಜು ಕೆಡಿಸಿದೆ ಎಂದಷ್ಟೇ ತಿಳಿದಿದ್ದೆ. ಹುಟ್ಟಬೇಕಾಗಿದ್ದ ಇನ್ನೆಷ್ಟನ್ನು ಕೆಡಿಸಿದೆನೋ! ತುಂಡಾದ ರೀಲನ್ನು ಚೀಲದಿಂದ ತೆಗೆದು ಅವರ ಮುಂದಿಟ್ಟೆ.

“ಖರೇ ಚೀಜು ಹ್ಯಾಂಗಿತ್ರಿ?” ಎಂದು ಸುಮಂಗಲಾ ಮೆಲ್ಲಗೆ ಕೇಳಿದಳು. ಮಾಸ್ತರರು ಕಣ್ಣು ಮುಚ್ಚಿದರು, ಬೆರಳು ಎಣಿಸಿದರು. ಬಂದದ್ದು ಜೇವರ್ಗಿಯ ಓಟವೇ. ಎರಡು ಸಲ ಪ್ರಯತ್ನಿಸಿ ಕೈ ಚೆಲ್ಲಿದರು. ಆಮೇಲೆ ನನ್ನ ಕಡೆ ತಿರುಗಿ, “ಅವತ್ತು ಎದುರಿಗಿ ಕುಂತೋರು ನೀವು. ಹಾಡ್ರಿ” ಎಂದರು.

“ನಾನಾ?”

“ಮತ್ತ್ಯಾರು? ಕೆಡಿಸಿದೋರು ನೀವಽ. ಹಾಡ್ರಿ.”

ನಿಮಗೆ ಮಾತ್ರ ಹೇಳುತ್ತೇನೆ. ಇಷ್ಟು ವರ್ಷವೂ ಬಚ್ಚಲುಮನೆಯಲ್ಲಿ ನಾನು ಅದನ್ನು ಸರಿಯಾದ ಲಯದಲ್ಲೇ ಗುನುಗುತ್ತ ಬಂದಿದ್ದೆ. ಮಾಲು ಎಲ್ಲಿದೆ ಎಂಬುದು ಕಳ್ಳನಿಗೆ ಗೊತ್ತಿರುತ್ತದೆ. ಸುಮಂಗಲಾ ಫೋನು ಹೊರಸಿನ ಮೇಲಿಟ್ಟು ರೆಕಾರ್ಡ್ ಒತ್ತಿದಳು. ತೊಡೆಯ ಮೇಲೆ ತಾಳ ಹಿಡಿದು ಬಾಯಿ ತೆರೆದೆ. ಅಂಗಳದಲ್ಲಿದ್ದ ಆಡು ಎದ್ದು ನಿಂತಿತು. ಸ್ವರ ಎಲ್ಲೆಲ್ಲೋ ಬಿತ್ತು, ಆದರೆ ಲಯವನ್ನು ಮಾತ್ರ ಬಿಡಲಿಲ್ಲ. ಒಂದು ಆವರ್ತನ. ಇನ್ನೊಂದು. ಮೂರನೆಯದರ ನಡುವೆ ಮಾಸ್ತರರು ಹೊರಸಿನ ಚೌಕಟ್ಟಿಗೆ ಬಡಿದರು.

“ತಡೀರಿ, ತಡೀರಿ! ‘ಹರಿಯೇ’ ಅನ್ನೋ ಮುಂದ ಉಸಿರು ತಗೋಬ್ಯಾಡ್ರಿ. ಹೊಳಿ ಕಡದಂಗ ಆಗ್ತದ.”

ಹಾಗೆಂದವರೇ ತಾವು ಎತ್ತಿಕೊಂಡರು. ದನಿ ನಡುಗಿತು, ಆದರೆ ದಾರಿ ತಪ್ಪಲಿಲ್ಲ. ಸುಮಂಗಲಾ ಹಿಂದೆಯೇ ಹಿಡಿದಳು. ನಾನು ತಾಳ ಬಿಡದೆ ಅತ್ತೆ.

ಕಡಗಂಚಿಯಲ್ಲಿ ಸುಮಂಗಲಾ ಮಾಸ್ತರರ ಹೆಸರು ಹೇಳಿ, ಆ ಲಯದಲ್ಲೇ ಹಾಡಿದಳು. ಜೇವರ್ಗಿಯವರು ಮಾತ್ರ ಒಪ್ಪಿಲ್ಲ, “ನಮ್ಮ ಹೊಳಿ ಹಿಂಗೇ ಹರೀತದ್ರಿ” ಎನ್ನುತ್ತಾರೆ. ಅವಳ ಫೋನಿನ ರೆಕಾರ್ಡಿಂಗಿನಲ್ಲಿ ಮೊದಲ ಮೂರು ನಿಮಿಷ ನನ್ನದೇ ಕರ್ಕಶ. ಅಷ್ಟನ್ನು ಕತ್ತರಿಸು ಎಂದು ಬೇಡಿಕೊಂಡೆ. ಮಾಸ್ತರರು ಬಿಡಲಿಲ್ಲ. “ಇರ್ಲಿ. ಲಯ ಅಲ್ಲೇ ಅದ” ಎಂದರಂತೆ. ಅವರು ಈಗ ಹೊಸ ಚೀಜೊಂದರ ಸ್ಥಾಯಿ, ಅಂದರೆ ಮೊದಲ ಭಾಗ, ಮುಗಿಸಿದ್ದಾರೆ ಎಂದೂ ಸುಮಂಗಲಾ ಹೇಳಿದಳು.

ಕಳೆದ ರವಿವಾರ ಗೆಳೆಯರ ಮುಂದೆ ಎದ್ದು ನಿಂತು, ಅಂದಿನ ನನ್ನ ಭಾಷಣ ಪೂರ್ತಿ ಸುಳ್ಳು ಎಂದು ಹೇಳಿದೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಬಸಣ್ಣನವರು ಸುಸಲಾ ಅಗಿಯುವುದನ್ನು ನಿಲ್ಲಿಸಿ ಕೇಳಿದರು: “ಹಂಗಾರ ಉಳಿದ ರಾಗದ್ದು ಹೇಳಿದ್ರಲ್ಲ, ಅವು?”

“ಅರ್ಧ ಖರೇ ಇರಬೇಕ್ರಿ” ಎಂದೆ. “ಯಾವ ಅರ್ಧ ಅಂತ ನನಗೂ ಗೊತ್ತಿಲ್ಲ.”

ಕೂತುಕೊಂಡೆ. ಬಸಣ್ಣನವರು ಸುಮಂಗಲಾ ಕಳಿಸಿದ ರೆಕಾರ್ಡಿಂಗು ಹಾಕಿದರು. ನನ್ನ ದನಿ ಬಂತು, ಒಬ್ಬಿಬ್ಬರು ನಕ್ಕರು, ಮಾಸ್ತರರ ದನಿ ಬಂದಾಗ ನಗು ನಿಂತಿತು. ಮುಗಿದ ಮೇಲೆ ಎಲ್ಲರೂ ರೂಢಿಯಂತೆ ನನ್ನ ಮುಖ ನೋಡಿದರು. ನಾನು ಇನ್ನೊಮ್ಮೆ ಹಾಕಿರಿ ಎಂದೆ.